ಅತ್ತೆಯ ಮೈಮೇಲೆ ಬಂದ ಗಂಡು

ಗುರುವಾರ ಮಧ್ಯಾಹ್ನ ಬಸಿಲಿಯಾ ತನ್ನ ಹಲ್ಲಿನ ಸೆಟ್ಟು ಕಳಚಿ ಲೋಟದ ನೀರಿಗೆ ಹಾಕಿದಳೆಂದರೆ ಸೊಸೆ ಮಿಗ್ದಾಲಿಯಾಳ ಎದೆ ಡವಡವ ಎನ್ನುತ್ತಿತ್ತು. ನಲವತ್ತು ದಾಟಿ ಎಷ್ಟೋ ವರ್ಷವಾದ ಹೆಂಗಸು, ಗಂಡ ಸತ್ತವಳು, ಅತ್ತೆಯ ಬೊಚ್ಚುಬಾಯಿ ನೋಡಿ ನಾಚಿಕೊಳ್ಳುವುದೆಂದರೆ ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಕ್ಯೂಬಾದ ಮನ್ಸನಿಯೊ ಊರಿನಲ್ಲಿ ಸತ್ತವರ ಜೊತೆ ಮಾತುಕತೆ ಇಲ್ಲದ ಬೀದಿಯೇ ಇರಲಿಲ್ಲ. ಬಾಯಿ ಯಾರದಾದರೇನು, ಅದರಲ್ಲಿ ಬರುವವನು ಯಾರು ಎಂಬುದು ಮುಖ್ಯ. ಬಸಿಲಿಯಾಳ ಮೈಮೇಲೆ ಬರುತ್ತಿದ್ದವನ ಹೆಸರು ಲಿಯೊಕಾದಿಯೊ. ಇಪ್ಪತ್ತಾರರ ಹುಡುಗ, ಕುದುರೆ ಸವಾರ, ಸ್ಪೇನಿನವರನ್ನು ಓಡಿಸಲು ಕತ್ತಿ ಹಿಡಿದು ಕಾಡು ಸೇರಿದವನು. ಸತ್ತು ನೂರು ವರ್ಷವಾಗುತ್ತ ಬಂದಿತ್ತು. ಆ ಒಂದು ಕುಂದು ಬಿಟ್ಟರೆ ವರ ಲಾಯಕ್ಕಾಗಿಯೇ ಇದ್ದ.

ಗುರುವಾರದ ಕೂಟ ದೊಡ್ಡದೇನಲ್ಲ. ಮೇಜಿಗೆ ಬಿಳಿ ಬಟ್ಟೆ ಹಾಸಿ, ನಡುವೆ ನೀರಿನ ಲೋಟ ಮತ್ತು ಒಂದು ಕಟ್ಟು ಕಾಮಕಸ್ತೂರಿ ಇಡಬೇಕು. ಮೇಣದಬತ್ತಿ ಸಿಕ್ಕರೆ ಮೇಣದಬತ್ತಿ, ಇಲ್ಲದಿದ್ದರೆ ಎಣ್ಣೆಯ ದೀಪ. ಕಿಟಕಿ ಬಾಗಿಲು ಮುಚ್ಚಿ ಎಲ್ಲರೂ ಸುತ್ತ ಕೂತು ಕೈ ಕೈ ಹಿಡಿಯಬೇಕು. ಪ್ರಾರ್ಥನೆ ಓದುವವಳು ಪಕ್ಕದ ಮನೆಯ ಸೊರಾಯ್ದಾ. ಅವಳು ಸರ್ಕಾರದ ಬೀದಿ ಸಮಿತಿಯ ಅಧ್ಯಕ್ಷೆಯೂ ಹೌದು. ಸಮಿತಿಯ ಸಭೆಯಲ್ಲಿ ದೇವರೂ ಇಲ್ಲ, ದೆವ್ವವೂ ಇಲ್ಲ ಎಂದು ಕೈಯೆತ್ತಿ, ಮನೆಗೆ ಬಂದು ಅದೇ ಕೈಯಲ್ಲಿ ಪ್ರಾರ್ಥನೆಯ ಪುಸ್ತಕ ಹಿಡಿಯುತ್ತಿದ್ದಳು. ಎರಡೂ ಕಡೆ ಗಂಟಲು ಒಂದೇ. ಇನ್ನೊಬ್ಬ ಫೆಲೊ, ಕತ್ತರಿ ಕೆಳಗಿಟ್ಟು ಮನೆಯಲ್ಲಿ ಕೂತ ಮುದಿ ಕ್ಷೌರಿಕ. ಅವನಿಗೆ ಪರಲೋಕದಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ. ಕೊನೆಯಲ್ಲಿ ಕಾಫಿ ಕೊಡುತ್ತಿದ್ದರು, ಅದಕ್ಕೆ ಬರುತ್ತಿದ್ದ.

ಸೊರಾಯ್ದಾ ಯಾವಾಗಲೂ ಒಂದು ಮಾತು ಹೇಳುತ್ತಿದ್ದಳು. ಸತ್ತವರಲ್ಲಿ ಮುಕ್ಕಾಲು ಪಾಲು ಜನಕ್ಕೆ ತಾವು ಸತ್ತಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ಏನೋ ಒಂದು ಆಸೆ ಕಾಲಿಗೆ ಹಗ್ಗದ ಹಾಗೆ ಸುತ್ತಿಕೊಂಡು ಇಲ್ಲೇ ಕತ್ತಲಲ್ಲಿ ತಡಕಾಡುತ್ತಿರುತ್ತಾರೆ. ಅಂಥವರು ಬಂದ ಕೂಡಲೇ ಮೊದಲು ಮೆತ್ತಗೆ, ಅಪ್ಪಾ ನೀನು ಸತ್ತಿದ್ದೀಯ ಎಂದು ತಿಳಿಸಬೇಕು. ಆಮೇಲೆ ಆಸೆ ಏನೆಂದು ಕೇಳಿ ತೀರಿಸಬೇಕು. ಹಗ್ಗ ಬಿಚ್ಚಿತೋ, ಗಾಳಿಪಟದ ಹಾಗೆ ಮೇಲೇರಿ ಬೆಳಕು ಸೇರುತ್ತಾರೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಮಿಗ್ದಾಲಿಯಾಳ ಗಂಡ ರಿಗೊ ಕೂಡ ಸತ್ತ ಮೇಲೆ ಹೀಗೇ ಒಂದು ಸಲ ಬಂದಿದ್ದ. ಹೆತ್ತ ತಾಯಿಯ ಬಾಯಲ್ಲೇ ಬಂದು, ನನ್ನ ಸೈಕಲ್ ಮಾರಿಬಿಟ್ಟಿರಾ ಎಂದು ಕೇಳಿದ. ಇಲ್ಲ, ಹಿತ್ತಿಲಲ್ಲೇ ಇದೆ, ನೀನು ಸತ್ತಿದ್ದೀಯ ಎಂದರು. ಸಮಾಧಾನವಾಗಿ ಮೇಲೇರಿ ಹೋದ. ಹೆಂಡತಿ ಹೇಗಿದ್ದಾಳೆ ಎಂದು ಕೇಳಲಿಲ್ಲ. ಬದುಕಿದ್ದಾಗಲೂ ಕೇಳಿದವನಲ್ಲ, ಹಾಗಾಗಿ ಬಂದವನು ರಿಗೊನೇ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

ಲಿಯೊಕಾದಿಯೊ ಮೊದಲ ಸಲ ಬಂದದ್ದು ಹಿಟ್ಟು, ಎಣ್ಣೆ ತರುತ್ತಿದ್ದ ರಷ್ಯದ ಹಡಗುಗಳು ಬರುವುದು ನಿಂತ ವರ್ಷ. ಬಸಿಲಿಯಾಳ ತಲೆ ಎದೆಯ ಮೇಲೆ ವಾಲಿತು, ಭುಜ ಹಿಂದಕ್ಕೆ ಸರಿಯಿತು, ಎಪ್ಪತ್ತು ದಾಟಿದ ದಢೂತಿ ಮುದುಕಿ ಕುರ್ಚಿಯ ಮೇಲೆ ಕುದುರೆ ಏರಿದವರ ಹಾಗೆ ಕಾಲು ಅಗಲಿಸಿ ಕೂತಳು. ಗಡಸು ದನಿಯಲ್ಲಿ, ಸ್ಪೇನಿನವರು ಊರು ಬಿಟ್ಟರೋ ಇಲ್ಲವೋ ಎಂಬ ಪ್ರಶ್ನೆ ಬಂತು. ಸೊರಾಯ್ದಾ ಕನ್ನಡಕ ಸರಿಮಾಡಿಕೊಂಡು ಅಪ್ಪಾ ಎಂದು ಶುರುಮಾಡುವಷ್ಟರಲ್ಲಿ ಅವನ ಕಣ್ಣು, ಅಂದರೆ ಬಸಿಲಿಯಾಳ ಕಣ್ಣು, ಮಿಗ್ದಾಲಿಯಾಳ ಮೇಲೆ ಬಿತ್ತು.

"ಈ ಮನೇಲಿ ಇಂಥವರು ಇದ್ದಾರೆ ಅಂತ ಮೊದಲೇ ಗೊತ್ತಿದ್ದಿದ್ರೆ, ನಿಮ್ಮ ಬಾಗಿಲ ಮುಂದೇನೇ ಗುಂಡು ತಿಂತಿದ್ದೆ," ಎಂದ ಲಿಯೊಕಾದಿಯೊ.

ಹಲ್ಲಿಲ್ಲದ ಬಾಯಾದ್ದರಿಂದ ಮಾತಿನ ಜೊತೆ ಸ್ವಲ್ಪ ಗಾಳಿ, ಸ್ವಲ್ಪ ಉಗುಳು ಬಂತು. ಆದರೂ ಮಾತು ಬಂತಲ್ಲ. ಮಿಗ್ದಾಲಿಯಾಳಿಗೆ ಹುಟ್ಟಿದ ಮೇಲೆ ಯಾರೂ ಹಾಗೆ ಹೇಳಿರಲಿಲ್ಲ. ಫೆಲೊ ಕೆಮ್ಮಿದ. ಸೊರಾಯ್ದಾ ಪುಸ್ತಕ ತಿರುವಿ ಹಾಕಿದಳು, ಇಂಥ ಸಂದರ್ಭಕ್ಕೆ ಪ್ರಾರ್ಥನೆ ಇರಲಿಲ್ಲ. ಆ ಗಡಿಬಿಡಿಯಲ್ಲಿ ಹುಡುಗನಿಗೆ ಅವನು ಸತ್ತಿರುವ ವಿಷಯ ಹೇಳುವುದು ಬಿಟ್ಟೇ ಹೋಯಿತು. ಮುಂದಿನ ಗುರುವಾರ ಹೇಳಬಹುದಿತ್ತು. ಆದರೆ ಮುಂದಿನ ಗುರುವಾರ ಮಿಗ್ದಾಲಿಯಾ ಇಸ್ತ್ರಿ ಮಾಡಿದ ಹಳದಿ ಫ್ರಾಕು ಹಾಕಿಕೊಂಡು, ಕೂದಲು ಸುರುಳಿ ಮಾಡಿಕೊಂಡು ಬಂದು ಕೂತಿದ್ದಳು. ಸೊರಾಯ್ದಾ ಬಾಯಿ ತೆರೆದ ಕೂಡಲೇ ಮೇಜಿನ ಕೆಳಗೆ ಅವಳ ಕಾಲು ತುಳಿದಳು. ಅಲ್ಲಿಗೆ ಆ ವಿಷಯ ಮುಗಿಯಿತು.

ಅತ್ತೆಗೆ ಇದಾವುದೂ ಗೊತ್ತಿರಲಿಲ್ಲ. ಮೈಮೇಲೆ ಬಂದವನು ಇಳಿದ ಮೇಲೆ ಬಸಿಲಿಯಾಳಿಗೆ ಏನೂ ನೆನಪಿರುತ್ತಿರಲಿಲ್ಲ, ಮಂಡಿ ಮಾತ್ರ ನೋಯುತ್ತಿತ್ತು. ಯಾರು ಬಂದಿದ್ದರು ಎಂದು ಕೇಳಿದರೆ ಮೂವರೂ ಗೋಡೆ ನೋಡಿಕೊಂಡು, ಯಾರೋ ಸಿಪಾಯಿ, ಪಾಪ, ಎನ್ನುತ್ತಿದ್ದರು.

ಸುಳ್ಳು ಹೇಳಿ ಸಿಕ್ಕಿಬೀಳುತ್ತೇನೆ ಎಂದು ಮಿಗ್ದಾಲಿಯಾ ಮೊದಮೊದಲು ಹೆದರಿದ್ದಳು. ನೋಡಿದರೆ ಸುಳ್ಳಿನ ಅಗತ್ಯವೇ ಬೀಳಲಿಲ್ಲ. ಊರೊಳಗೆ ಹಿಟ್ಟು ಬಂತೇ ಎಂದು ಅವನು ಕೇಳಿದ. ಬಂದು ತಿಂಗಳ ಮೇಲಾಯಿತು ಎಂದಳು, ಅದು ನಿಜವೇ. ಕಾಫಿ? ಅರ್ಧ ಕಾಫಿ, ಅರ್ಧ ಹುರಿದ ಬಟಾಣಿ. ಮಾಂಸ? ಬೀದಿಯ ಬೆಕ್ಕುಗಳೂ ಈಚೆಗೆ ಕಾಣುತ್ತಿಲ್ಲ. ದೀಪ? ಬೆಳಗ್ಗೆಯಿಂದ ಇಲ್ಲ. ಲಿಯೊಕಾದಿಯೊ ಬಸಿಲಿಯಾಳ ಕೈಯಿಂದ ಬಸಿಲಿಯಾಳ ಗದ್ದ ಸವರಿಕೊಂಡು, ಮುತ್ತಿಗೆ ಬಿಗಿಯಾಗಿಯೇ ಇದೆ ಅನ್ನಿ, ಎಂದು ನಿಟ್ಟುಸಿರು ಬಿಟ್ಟ. ಸ್ಪೇನಿನವರು ಈಗ ಎಲ್ಲಿದ್ದಾರೆ ಎಂದು ಕೇಳಿದಾಗ ಮಾತ್ರ ಅವಳು ತಡವರಿಸಿದಳು. ಫೆಲೊ ಸಹಾಯಕ್ಕೆ ಬಂದ. ಕಡಲತೀರದಲ್ಲಿ ಸ್ಪೇನಿನವರು ದೊಡ್ಡ ದೊಡ್ಡ ಹೋಟೆಲು ಕಟ್ಟಿಸುತ್ತಿದ್ದ ಸುದ್ದಿ ಆಗ ಊರಲ್ಲೆಲ್ಲ ಹರಡಿತ್ತು. ಹೋಟೆಲು ಎಂಬ ಮಾತೊಂದನ್ನು ನುಂಗಿಕೊಂಡು ಉಳಿದದ್ದನ್ನು ಇದ್ದದ್ದು ಇದ್ದ ಹಾಗೇ ಹೇಳಿದ: ತೀರದ ಉದ್ದಕ್ಕೂ ಭಾರಿ ಕಟ್ಟಡ ಎಬ್ಬಿಸುತ್ತಿದ್ದಾರೆ, ನಮ್ಮವರನ್ನು ಒಳಗೆ ಬಿಡುವುದಿಲ್ಲ.

"ಕೋಟೆ ಕಟ್ತಿದ್ದಾರೆ," ಎಂದು ಲಿಯೊಕಾದಿಯೊ ಹಲ್ಲು ಕಡಿಯಲು ನೋಡಿ, ಹಲ್ಲು ಸಿಗದೆ ಸುಮ್ಮನಾದ.

ಮಿಗ್ದಾಲಿಯಾ ಊರಿನ ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟು ಹರಿಯುವ ಕೆಲಸದವಳು. ಕರೆಂಟಿಲ್ಲದೆ ಸಿನಿಮಾ ಓಡುವುದು ನಿಂತು ಎಷ್ಟೋ ಕಾಲವಾಗಿತ್ತು, ಆದರೂ ಕೆಲಸಕ್ಕೆ ಹೋಗದೆ ಇರುವಂತಿರಲಿಲ್ಲ. ಬೆಳಗ್ಗೆ ಹೋಗಿ ಬಾಗಿಲಲ್ಲಿ ಕೂತು, ಯಾರೂ ಒಳಗೆ ಹೋಗಲು ಬಯಸದ ಕಡೆ ಯಾರೂ ಹೋಗದ ಹಾಗೆ ನೋಡಿಕೊಂಡು ಸಂಜೆ ಬರುತ್ತಿದ್ದಳು. ಮೊದಲಾದರೆ ಆ ಹೊತ್ತು ಎತ್ತಿದರೂ ಏಳದ ಹೆಣದ ಹಾಗೆ ಬಿದ್ದಿರುತ್ತಿತ್ತು. ಈಗ ಅವನ ಒಂದೊಂದು ಮಾತನ್ನೂ ಎಲೆಅಡಿಕೆಯ ಹಾಗೆ ಕೆನ್ನೆಯೊಳಗಿಟ್ಟುಕೊಂಡು ಕೂತರೆ ವಾರ ಸರಿದದ್ದು ತಿಳಿಯುತ್ತಿರಲಿಲ್ಲ. ಅವನು ಬರೀ ಕತ್ತು ಕಣ್ಣು ಹೊಗಳುವವನಾಗಿದ್ದರೆ ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲವೋ ಏನೋ. ಬಂದು ಕೂತ ಮೇಲೆ ಯುದ್ಧದ ವಿಚಾರ ಮುಗಿಸಿ, ಈ ವಾರ ನಿಮಗೆ ಬೇಜಾರು ಮಾಡಿದವರು ಯಾರು ಎಂದು ಕೇಳುತ್ತಿದ್ದ. ಅವಳು ಹೆಸರು ಹೇಳಿದರೆ, ಯುದ್ಧ ಮುಗಿಯಲಿ, ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದ. ಪಡಿತರದಂಗಡಿಯವನು, ಚಿತ್ರಮಂದಿರದ ಮೇಲ್ವಿಚಾರಕ, ಎರಡು ಸಲ ಸೊರಾಯ್ದಾ, ಹೀಗೆ ಯುದ್ಧ ಮುಗಿದ ಮೇಲೆ ಕತ್ತಿಗೆ ಸಿಗಬೇಕಾದವರು ಬಹಳ ಜನ ಕೂಡಿಕೊಂಡಿದ್ದರು.

ಯುದ್ಧ ಮುಗಿದ ಮಾರನೆಯ ದಿನವೇ ಬಂದು ಮದುವೆಯಾಗುತ್ತೇನೆ ಎಂದೂ ಹೇಳಿದ್ದ. ಅವಳು ಹೂಂ ಅಂದಿದ್ದಳು. ಬ್ರೆಡ್ಡಿನ ಸಾಲು ವಾರದಿಂದ ವಾರಕ್ಕೆ ಉದ್ದವಾಗುತ್ತಿತ್ತು, ಯುದ್ಧ ಮುಗಿಯುವ ಲಕ್ಷಣವೇ ಇರಲಿಲ್ಲ. ಎಲ್ಲಿ ಸರ್ಕಾರ ಹಿಟ್ಟು ತರಿಸಿಬಿಡುತ್ತದೋ ಎಂಬ ಹೆದರಿಕೆ ಆ ಊರಿನಲ್ಲಿ ಇದ್ದದ್ದು ಅವಳೊಬ್ಬಳಿಗೇ.

ಕೆಟ್ಟದ್ದು ಹಿಟ್ಟಿನಿಂದ ಬರಲಿಲ್ಲ, ಸೋಪಿನಿಂದ ಬಂತು. ಅಂಗಡಿಗೆ ಸೋಪು ಬಂದಿದೆ ಎಂದು ಊರೆಲ್ಲ ಓಡಿತು. ಅಲ್ಲಿ ಸಾಲು ಎಂದರೆ ನೇರ ಗೆರೆಯಲ್ಲ. ಬಂದವರು ಕೊನೆಯವರು ಯಾರು ಎಂದು ಕೂಗಬೇಕು, ಕೈಯೆತ್ತಿದವರ ಮುಖ ಗುರುತಿಟ್ಟುಕೊಂಡು ಎಲ್ಲಾದರೂ ನೆರಳಲ್ಲಿ ಕೂರಬೇಕು. ಸೊರಾಯ್ದಾ ಬಂದು ಕೊನೆಯವರು ಯಾರು ಎಂದಾಗ ಮಿಗ್ದಾಲಿಯಾ, ನಾನು, ನನ್ನ ಹಿಂದೆ ನಮ್ಮತ್ತೆ ಎಂದಳು. ಅತ್ತೆ ಮನೆಯಲ್ಲಿ ಮಲಗಿದ್ದಳು. ಇಲ್ಲದವಳು ಕೊನೆಯವಳು ಹೇಗಾಗುತ್ತಾಳೆ ಎಂದು ಸೊರಾಯ್ದಾ ಸಮಿತಿಯ ಗಂಟಲು ತೆಗೆದಳು. ಇಲ್ಲದವರ ಜೊತೆ ವಾರವಾರ ಮಾತಾಡುವವಳು ನೀನೇ ಅಲ್ಲವೇ ಎಂದು ಮಿಗ್ದಾಲಿಯಾ ತಿರುಗಿಸಿ ಕೊಟ್ಟಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಸತ್ತವರು ನಿನ್ನ ಪ್ರಾರ್ಥನೆಗೆ ಒಲಿದು ಬರುವುದಿಲ್ಲ, ಸಾಕು ನಿಲ್ಲಿಸು ಎಂದು ಹೇಳಲು ಬರುತ್ತಾರೆ ಎಂದೂ ಸೇರಿಸಿದಳು. ಸಾಲಿಗೆ ಸಾಲೇ ನಕ್ಕಿತು. ಬಸಿಲಿಯಾಳ ಪಾಲು ಕೊಟ್ಟಲ್ಲಿಗೆ ಸರಿಯಾಗಿ ಸೋಪು ಮುಗಿಯಿತು. ಸೊರಾಯ್ದಾ ಬರಿಗೈಯಲ್ಲಿ ಅಲ್ಲಿಂದ ನೇರವಾಗಿ ಬಸಿಲಿಯಾಳ ಮನೆಗೆ ನಡೆದಳು.

ಮಿಗ್ದಾಲಿಯಾ ಸೋಪು ಹಿಡಿದುಕೊಂಡು ಮನೆಗೆ ಬಂದಾಗ ಅತ್ತೆ ಎದ್ದು ಅಡುಗೆಮನೆಯಲ್ಲಿ ಕೂತಿದ್ದಳು.

"ಕೂತ್ಕೋ," ಎಂದಳು ಬಸಿಲಿಯಾ. "ಯಾವನೋ ನನ್ನ ಬಾಯಲ್ಲಿ ನಿನ್ನ ಕತ್ತು ಹೊಗಳ್ತಾನಂತೆ."

"ಕತ್ತು ಒಂದೇ ಸಲ ಅತ್ತೆ."

"ಉಳಿದಿದ್ದು?"

ಮಿಗ್ದಾಲಿಯಾ ಸೋಪನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಅತ್ತೆ ಕೂಗಾಡುತ್ತಾಳೆ, ಸತ್ತ ಮಗನ ಹೆಸರು ಎತ್ತುತ್ತಾಳೆ, ಗಂಟುಮೂಟೆ ಕಟ್ಟು ಎನ್ನುತ್ತಾಳೆ ಎಂದು ಕಾದಳು. ಬಸಿಲಿಯಾ ಅದೇನನ್ನೂ ಮಾಡಲಿಲ್ಲ. ಬಹಳ ಹೊತ್ತು ತನ್ನ ಮಂಡಿಯನ್ನೇ ನೋಡಿಕೊಂಡಳು.

"ಇಷ್ಟು ದಿನ ನನ್ನ ಮಂಡಿ ಮುರಿದು, ನನ್ನ ನಾಲಿಗೆ ಸವೆಸಿದ್ದಾನೆ. ಒಂದು ದಿನಾನಾದ್ರೂ ನನಗೆ ನಮಸ್ಕಾರ ಅಂದಿದ್ದಾನಾ? ಬಾಡಿಗೆಗೆ ಇರೋನೂ ವರ್ಷಕ್ಕೊಂದು ಸಲ ಬಾಗಿಲು ತಟ್ಟಿ ಮನೆ ಒಡತಿನ ಮಾತಾಡಿಸ್ತಾನೆ ಕಣೇ."

ತನ್ನ ಬಗ್ಗೆ ಅವನು ಏನೂ ಅಂದಿಲ್ಲವೇ, ಒಂದೇ ಒಂದು ಮಾತೂ ಇಲ್ಲವೇ, ಎಂದು ಬಸಿಲಿಯಾ ಎರಡು ಸಲ ವಿಚಾರಿಸಿದಳು. ಆಮೇಲೆ ಬೇರೆ ಏನೋ ಹೊಳೆದ ಹಾಗೆ ತಲೆ ಎತ್ತಿ, ಅವನಿಗೆ ಅವನು ಸತ್ತಿರುವ ವಿಷಯ ಹೇಳಿದ್ದೀರಿ ತಾನೇ ಎಂದು ಕೇಳಿದಳು. ಮಿಗ್ದಾಲಿಯಾ ತಲೆ ತಗ್ಗಿಸಿದಳು. ಅತ್ತೆಯ ಮುಖ ನಿಜವಾಗಿ ಕಪ್ಪಿಟ್ಟದ್ದು ಆಗ.

"ನನ್ನ ಹೊಟ್ಟೇಲಿ ಹುಟ್ಟಿದವನಿಗೆ ಬಂದ ದಿನಾನೇ ಹೇಳಿ ಕಳಿಸಿಬಿಟ್ರಿ. ಇನ್ನೊಂದು ವಾರ ಬಿಟ್ಟು ಹೇಳೋಣ ಅಂತ ಒಬ್ಬರಿಗೂ ಅನ್ನಿಸಲಿಲ್ಲ. ದಾರೀಲಿ ಹೋಗೋ ಯಾವನನ್ನೋ ಮಾತ್ರ ಹೇಳದೆ ಇಟ್ಕೊಂಡಿದ್ದೀಯ. ಮುಂದಿನ ಗುರುವಾರ ನೀನೇ ಹೇಳಬೇಕು, ನಿನ್ನ ಬಾಯಿಂದಾನೇ. ಇಲ್ಲ ಅಂದ್ರೆ ನಾನು ಇನ್ನು ಮೇಲೆ ಹಲ್ಲು ತೆಗೆಯೋದೇ ಇಲ್ಲ."

ಅದಕ್ಕಿಂತ ದೊಡ್ಡ ಬೆದರಿಕೆ ಮಿಗ್ದಾಲಿಯಾಳ ಬದುಕಿನಲ್ಲಿ ಬಂದಿರಲಿಲ್ಲ. ಹೇಳಿದರೆ ಅವನು ಗಾಳಿಪಟವಾಗಿ ಹೋಗುತ್ತಾನೆ. ಹೇಳದಿದ್ದರೆ ಅತ್ತೆ ಬಾಯಿ ಮುಚ್ಚುತ್ತಾಳೆ. ಆ ವಾರವೆಲ್ಲ ಚಿತ್ರಮಂದಿರದ ಬಾಗಿಲಲ್ಲಿ ಕೂತು ಲೆಕ್ಕ ಹಾಕಿದಳು. ಬೇರೆ ಬೀದಿಯಲ್ಲಿ ಮೈಮೇಲೆ ಬರುವ ಹೆಂಗಸರು ಇದ್ದರು, ಆದರೆ ಅಲ್ಲಿ ಹೋಗಿ ನನ್ನವನನ್ನು ಕರೆಯಿರಿ ಎಂದರೆ ಮಾತು ಊರು ಸುತ್ತುತ್ತಿತ್ತು, ಮೇಲಾಗಿ ಅವನಿಗೆ ವಿಳಾಸ ತಿಳಿಯಬೇಕಲ್ಲ. ದಾರಿಯಲ್ಲಿ ಸಿಕ್ಕ ಫೆಲೊ, ಹೇಳಿ ಮುಗಿಸು, ಬದುಕಿರುವ ಗಂಡಸರು ಬೇಕಾದಷ್ಟು ಜನ ಇದ್ದಾರೆ ಎಂದು ಕಾಲರು ಸರಿಮಾಡಿಕೊಂಡ. ಮಿಗ್ದಾಲಿಯಾ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬದುಕಿರುವುದೊಂದು ಬಿಟ್ಟರೆ ಬೇರೆ ಯಾವ ಅರ್ಹತೆಯೂ ಕಾಣಲಿಲ್ಲ.

ಆದರೆ ಅತ್ತೆಯ ಮಾತು ಒಂದು ಕಡೆ ಮುಳ್ಳಿನ ಹಾಗೆ ಚುಚ್ಚಿಕೊಂಡೇ ಇತ್ತು. ಗುರುವಾರದಿಂದ ಗುರುವಾರದವರೆಗೆ ಅವನು ಎಲ್ಲಿರುತ್ತಾನೆ ಎಂದು ಅವಳು ಯೋಚಿಸಿದವಳೇ ಅಲ್ಲ. ಕತ್ತಲಲ್ಲಿ ಎಲ್ಲೋ ಕುದುರೆಯ ಜೀನನ್ನು ತಲೆದಿಂಬು ಮಾಡಿಕೊಂಡು, ಯಾವತ್ತೋ ಮುಗಿದುಹೋದ ಯುದ್ಧ ಮುಗಿಯಲಿ ಎಂದು ಕಾಯುತ್ತಿದ್ದಾನೆ. ಕಾಯಿಸುತ್ತಿರುವವಳು ಅವಳು, ತನಗೆ ಎರಡು ಒಳ್ಳೆಯ ಮಾತು ಬೇಕು ಎಂಬ ಕಾರಣಕ್ಕೆ. ಪಡಿತರದಂಗಡಿಯವನು ತಕ್ಕಡಿಗೆ ಬೆರಳು ಒತ್ತುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಅವಳಿಗೇ ತಿಳಿಯಲಿಲ್ಲ. ಬುಧವಾರ ಹಳದಿ ಫ್ರಾಕಿಗೆ ಇಸ್ತ್ರಿ ಹಾಕಿದಳು. ಹೇಳುವುದಾದರೂ ಚೆನ್ನಾಗಿ ಕಾಣಿಸಿಕೊಂಡು ಹೇಳೋಣ ಎಂದುಕೊಂಡಳು.

ಗುರುವಾರ ಬಸಿಲಿಯಾ ಹಲ್ಲು ಕಳಚಿ ಲೋಟಕ್ಕೆ ಹಾಕುವ ಮೊದಲು ಸೊಸೆಯ ಕಡೆ ಒಂದು ನೋಟ ಬೀರಿದಳು. ಸೊರಾಯ್ದಾ ಸೋಪಿನ ಸಿಟ್ಟಿನಲ್ಲಿ ಪ್ರಾರ್ಥನೆಯನ್ನು ಹೆಚ್ಚು ಜೋರಾಗಿ ಓದಿದಳು. ಬಸಿಲಿಯಾಳ ತಲೆ ವಾಲಿತು, ಭುಜ ಸರಿಯಿತು, ಕಾಲು ಅಗಲವಾಯಿತು. ಬಂದವನು ಎಂದಿನ ಹಾಗೆ ಊರಿನ ಸುದ್ದಿ ಕೇಳಿದ.

"ಯುದ್ಧ ಮುಗೀತು," ಎಂದಳು ಮಿಗ್ದಾಲಿಯಾ.

"ಹೌದಾ? ಯಾರು ಗೆದ್ರು?"

ಇದಕ್ಕೆ ಅವಳು ತಯಾರಾಗಿ ಬಂದಿರಲಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಒಂಥರಾ ನಾವೇ," ಎಂದ ಫೆಲೊ. "ಸ್ಪೇನಿನವರು ಹೋದ್ರು, ಅಮೆರಿಕದವರು ಬಂದ್ರು. ಅವರು ಹೋದ್ರು, ರಷ್ಯದವರು ಬಂದ್ರು. ಅವರೂ ಹೋದ್ರು."

"ಈಗ ಯಾರಿದ್ದಾರೆ?"

"ಈಗ ನಾವೇ ಇದ್ದೀವಿ. ಸಾಲಲ್ಲಿ ನಿಂತಿದ್ದೀವಿ."

ಸೊರಾಯ್ದಾ ಮುಚ್ಚಿದ ಕಿಟಕಿಯ ಕಡೆ ಒಮ್ಮೆ ನೋಡಿ, ಫೆಲೊಗೆ ಬಾಯಿ ಮುಚ್ಚಲು ಹೇಳಿದಳು. ಮಿಗ್ದಾಲಿಯಾ ಅತ್ತೆಯ ಕೈಯನ್ನು, ಅಂದರೆ ಅವನ ಕೈಯನ್ನು, ಬಿಗಿಯಾಗಿ ಹಿಡಿದುಕೊಂಡಳು. ವಾರವೆಲ್ಲ ಕಟ್ಟಿಕೊಂಡು ಬಂದಿದ್ದ ಮಾತುಗಳು ಒಂದೂ ನೆನಪಾಗಲಿಲ್ಲ.

"ನೀವು ತೀರಿಕೊಂಡಿದ್ದೀರಿ," ಎಂದಳು. "ನಮ್ಮಜ್ಜಿ ಹುಟ್ಟೋಕ್ಕೂ ಮುಂಚೇನೇ. ನಾನು ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದ್ರೆ ಹೊರಟುಹೋಗ್ತೀರಿ ಅಂತ ಹೇಳಲಿಲ್ಲ."

ಸೊರಾಯ್ದಾ ಬೀಳ್ಕೊಡುಗೆಯ ಪ್ರಾರ್ಥನೆಯ ಪುಟದಲ್ಲಿ ಬೆರಳಿಟ್ಟುಕೊಂಡು ಕಾದಳು.

"ಗೊತ್ತು," ಎಂದ ಲಿಯೊಕಾದಿಯೊ. "ಎರಡನೇ ಗುರುವಾರಾನೇ ಗೊತ್ತಾಯ್ತು. ಮೀಸೆ ತಿರುವೋಣ ಅಂತ ಕೈ ಎತ್ತಿದೆ. ಮೀಸೆ ಇತ್ತು, ಆದ್ರೆ ನನ್ನದಾಗಿರಲಿಲ್ಲ."

ಮಿಗ್ದಾಲಿಯಾಳಿಗೆ ಸಿಟ್ಟು ಬಂತು. ಗೊತ್ತಿದ್ದೂ ವಾರವಾರ ಹಿಟ್ಟು ಬಂತಾ, ಕಾಫಿ ಬಂತಾ ಎಂದು ಕೇಳಿ ತನ್ನಿಂದ ಮುತ್ತಿಗೆಯ ವರದಿ ಒಪ್ಪಿಸಿಕೊಂಡದ್ದು ಯಾಕೆ ಎಂದು ಕೇಳಿದಳು. ನೀವು ಅಷ್ಟು ಕಷ್ಟಪಟ್ಟು ಮುಚ್ಚಿಡುತ್ತಿದ್ದಿರಿ, ಹೆಂಗಸರು ಕಷ್ಟಪಟ್ಟು ಮಾಡಿದ್ದನ್ನು ಕೆಡಿಸಬಾರದು ಎಂದು ನಮ್ಮಮ್ಮ ಹೇಳುತ್ತಿದ್ದಳು ಎಂದ ಅವನು. ಸುದ್ದಿ ಕೇಳುವುದನ್ನು ನಿಲ್ಲಿಸಿದರೆ ನೀವು ಮಾತಾಡುವುದನ್ನು ನಿಲ್ಲಿಸಿಬಿಡುತ್ತೀರೇನೋ ಎಂದೂ ಹೆದರಿಕೆ ಇತ್ತು ಎಂದ. ಹಾಗೆ ಹೇಳುವಾಗ ಬಸಿಲಿಯಾಳ ಕಿವಿ ಕೆಂಪಗಾದದ್ದನ್ನು ಫೆಲೊ ಕಣ್ಣಾರೆ ನೋಡಿದ.

ಸೊರಾಯ್ದಾ ಮಾತ್ರ ಬಿಡುವವಳಲ್ಲ. ಸತ್ತಿರುವುದು ಗೊತ್ತಿದ್ದ ಮೇಲೆ ಇಲ್ಲಿ ಏನು ಕೆಲಸ, ಕಾಲಿಗೆ ಸುತ್ತಿಕೊಂಡಿರುವ ಹಗ್ಗ ಯಾವುದು ಎಂದು ನೇರವಾಗಿ ಕೇಳಿದಳು. ಲಿಯೊಕಾದಿಯೊ ಕುರ್ಚಿಯಲ್ಲಿ ಮಿಸುಕಾಡಿದ. ಕತ್ತಿಯ ಎದುರು ಹೆದರದವನು ಆ ಪ್ರಶ್ನೆಗೆ ಹೆದರಿದ.

ತನ್ನ ಕಾಲದಲ್ಲಿ ಹುಡುಗಿಯ ಜೊತೆ ಮಾತಾಡಬೇಕು ಎಂದರೆ ಟೋಪಿ ಕೈಯಲ್ಲಿ ಹಿಡಿದು ಮೊದಲು ಮನೆಯ ಹಿರಿಯರ ಮುಂದೆ ನಿಲ್ಲಬೇಕಿತ್ತು ಎಂದ. ಅವರು ಬಾ ಎಂದರೆ ಹೇಳಿದ ದಿನ ಬಂದು, ಮುಂದಿನ ಕೋಣೆಯಲ್ಲಿ ಅವರ ಕಣ್ಣೆದುರಿಗೆ ಕೂತು ಮಾತಾಡಬೇಕು. ಕದ್ದು ಮಾತಾಡುವವನು ಕುದುರೆ ಕದಿಯುವವನಿಗೆ ಸಮ.

"ನಾನು ಬಂದ ದಿನದಿಂದ ಅಪ್ಪಣೆ ಕೇಳಬೇಕು ಅಂತಾನೇ ಇದ್ದೀನಿ. ಏನು ಮಾಡ್ಲಿ, ನಾನು ಬಂದಾಗಲೆಲ್ಲ ಆ ತಾಯಿ ಮನೇಲಿರಲ್ಲ," ಎಂದ.

ಮೂವರೂ ಬಸಿಲಿಯಾಳ ದಢೂತಿ ದೇಹವನ್ನು, ಅದರ ತುಂಬ ಕೂತಿದ್ದ ಸಂಕೋಚವನ್ನು ನೋಡುತ್ತಿದ್ದರು. ಮೊದಲು ನಕ್ಕವನು ಫೆಲೊ.

"ನಗಬೇಡಿ," ಎಂದ ಲಿಯೊಕಾದಿಯೊ. "ಅವರ ಕುರ್ಚೀಲೇ ಕೂರ್ತೀನಿ, ಅವರ ಮುಖ ಇವತ್ತಿಗೂ ನೋಡಿಲ್ಲ. ನನ್ನ ಪರವಾಗಿ ನೀವೇ ಕೇಳಿ. ಹೊಲ ಇಲ್ಲ, ಮನೆ ಇಲ್ಲ, ಕುದುರೆ ಇತ್ತು ಅದೂ ಇಲ್ಲ, ಉಸಿರೂ ಇಲ್ಲ. ಏನನ್ನೂ ಮುಚ್ಚಿಡಬೇಡಿ. ಮಂಡಿಗೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳ್ದೆ ಅಂತಾನೂ ಹೇಳಿ."

ಉತ್ತರಕ್ಕೆ ಮುಂದಿನ ಗುರುವಾರ ಬರುತ್ತೇನೆ ಎಂದು ಹೇಳಿ ಹೋದ. ಬಸಿಲಿಯಾಳ ಗದ್ದ ಎದೆಗೆ ಬಿತ್ತು.

ಸೊರಾಯ್ದಾಳ ಮುಖ ಅರಳಿತು. ಇಷ್ಟು ದಿನ ಸಿಗದಿದ್ದ ಹಗ್ಗದ ತುದಿ ಸಿಕ್ಕಿತ್ತು. ಬಸಿಲಿಯಾ ಆಗಲಿ ಎಂದರೆ ಸಾಕು, ಆಸೆ ತೀರಿತು, ಹುಡುಗ ಮೇಲೇರಿದ. ಆಗುವುದಿಲ್ಲ ಎಂದರೂ ಚಿಂತೆಯಿಲ್ಲ, ಅಂಥ ಮರ್ಯಾದಸ್ಥ ಬೇಡ ಎಂದ ಮನೆಯ ಹೊಸಿಲಲ್ಲಿ ನಿಲ್ಲುವವನಲ್ಲ. ಎರಡರಲ್ಲಿ ಯಾವುದಾದರೂ ಕೆಲಸ ಮುಗಿಯಿತು ಎಂದಳು. ಮಿಗ್ದಾಲಿಯಾ ನಿಜ ಹೇಳಿದ ಮೇಲೂ ಅವನು ಉಳಿದಿದ್ದ. ಈಗ ಅತ್ತೆಯ ಒಂದು ಮಾತಿಗೆ ಹೋಗಲಿದ್ದ.

ಬಸಿಲಿಯಾ ಕಣ್ಣುಜ್ಜಿಕೊಂಡು ಎಚ್ಚರವಾಗಿ, ಲೋಟಕ್ಕೆ ಕೈ ಹಾಕಿ ಹಲ್ಲು ಹಾಕಿಕೊಂಡಳು. ಹೋದನಾ ಎಂದು ಕೇಳಿದಳು. ಸೊರಾಯ್ದಾ ಎದ್ದು ನಿಂತು, ಸಮಿತಿಯ ಸಭೆಯಲ್ಲಿ ನಿರ್ಣಯ ಓದುವ ಹಾಗೆ ವಿಷಯ ಮಂಡಿಸಿದಳು: ಲಿಯೊಕಾದಿಯೊ ಎಂಬ ಸವಾರ ಈ ಮನೆಯ ಸೊಸೆಯನ್ನು ಮದುವೆಯಾಗಲು ಮನೆಯ ಹಿರಿಯಳ ಅಪ್ಪಣೆ ಕೇಳಿದ್ದಾನೆ, ಮತ್ತು ಮಂಡಿಯ ವಿಷಯದಲ್ಲಿ ವಿಷಾದ ವ್ಯಕ್ತಪಡಿಸಿದ್ದಾನೆ.

ಬಸಿಲಿಯಾ ಅದನ್ನು ಮತ್ತೊಮ್ಮೆ ಹೇಳಿಸಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಫ್ರಾಕು ಮಂಡಿಯ ಮೇಲೆ ಎಳೆದುಕೊಂಡು ಕೂತಳು. ಅವಳ ಸ್ವಂತ ಮಗ ಅವಳನ್ನು ಏನೂ ಕೇಳಿರಲಿಲ್ಲ. ಒಂದು ದಿನ ಮಿಗ್ದಾಲಿಯಾಳನ್ನೂ ಒಂದು ಪೆಟ್ಟಿಗೆಯನ್ನೂ ತಂದು ಬಾಗಿಲಲ್ಲಿ ನಿಲ್ಲಿಸಿ, ಇವಳು ಇನ್ನು ಇಲ್ಲೇ ಇರುತ್ತಾಳೆ, ಊಟ ಏನಿದೆ ಎಂದಿದ್ದ. ಹಿರಿಯರ ಅಪ್ಪಣೆ ಎಂಬ ಮಾತು ಆ ಮನೆಯಲ್ಲಿ ಕೇಳಿಬಂದದ್ದು ಇದೇ ಮೊದಲು.

ಹುಡುಗನ ವಯಸ್ಸೆಷ್ಟು ಎಂದು ಕೇಳಿದಳು. ಇಪ್ಪತ್ತಾರು ಎಂದರು. ಇವಳಿಗಿಂತ ಅಷ್ಟು ಚಿಕ್ಕವನೇ ಎಂದು ಮೂಗು ಮುರಿದಳು. ಹುಟ್ಟಿದ ವರ್ಷ ನೋಡಿದರೆ ನಮಗೆಲ್ಲ ಮುತ್ತಜ್ಜ ಎಂದ ಫೆಲೊ. ಕುಡಿಯುತ್ತಾನೆಯೇ ಎಂದು ಕೇಳಿದಳು. ಸಿಕ್ಕರೆ ಬಿಡುವವನ ಹಾಗೆ ಕಾಣುವುದಿಲ್ಲ ಎಂದರು. ಎಲ್ಲಿ ಸಿಗುತ್ತದೆ, ಅದು ಬಿಡಿ, ಎಂದಳು. ಸೊರಾಯ್ದಾ ಇನ್ನು ತಡಮಾಡಬಾರದು, ಆಗಲಿ ಎಂದುಬಿಡು, ಒಂದು ಜೀವ ಬೆಳಕು ಕಾಣಲಿ ಎಂದು ಅವಸರ ಮಾಡಿದಳು.

ಬಸಿಲಿಯಾ ಸೊಸೆಯ ಕಡೆ ತಿರುಗಿದಳು. ಮಿಗ್ದಾಲಿಯಾ ಫ್ರಾಕಿನ ಅಂಚನ್ನು ಹಿಂಡುತ್ತ ನೆಲ ನೋಡುತ್ತಿದ್ದಳು. ಇಸ್ತ್ರಿಯೆಲ್ಲ ಹಾಳಾಗಿತ್ತು.

"ನೀನೇನಂತೀಯೇ?"

"ನೀವು ಹೂಂ ಅಂದ್ರೆ ಹೋಗ್ತಾನಂತೆ ಅತ್ತೆ. ಊಹೂಂ ಅಂದ್ರೂ ಹೋಗ್ತಾನಂತೆ."

"ನಾನು ಕೇಳಿದ್ದು ಅದಲ್ಲ."

ಮಿಗ್ದಾಲಿಯಾ ತಲೆ ಎತ್ತಿದಳು. ಗಂಡನ ಶವ ಹೊರಟ ದಿನವೂ ಒಣಗಿಯೇ ಇದ್ದ ಕಣ್ಣು ಈಗ ತುಂಬಿ ಬಂದದ್ದನ್ನು ಅತ್ತೆಯಿಂದ ಮುಚ್ಚಿಡಲು ಆಗಲಿಲ್ಲ. ಬಸಿಲಿಯಾ ಅದನ್ನು ನೋಡಿದಳು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತವರಿಗೆ ಅದಕ್ಕಿಂತ ಹೆಚ್ಚು ಹೇಳುವುದು ಬೇಕಿರಲಿಲ್ಲ. ಮುದುಕಿ ಬಾಯೊಳಗೆ ಹಲ್ಲನ್ನು ಆ ಕಡೆಯಿಂದ ಈ ಕಡೆಗೆ ಸರಿಸಿ, ಗಂಟಲು ಸರಿಮಾಡಿಕೊಂಡಳು.

"ಹೆಣ್ಣು ಕೇಳೋಕೆ ಬಂದವರಿಗೆ ಅದೇ ದಿನ ಉತ್ತರ ಕೊಡೋದು ಮರ್ಯಾದಸ್ಥರ ಲಕ್ಷಣ ಅಲ್ಲ," ಎಂದಳು ಸೊರಾಯ್ದಾಳಿಗೆ. "ಯೋಚನೆ ಮಾಡಿ ಹೇಳ್ತೀನಿ ಅಂತ ತಿಳಿಸಿ."

ಮುಂದಿನ ಗುರುವಾರದ ಒಳಗಾ ಎಂದು ಕೇಳಿದಳು ಸೊರಾಯ್ದಾ.

"ಅಷ್ಟು ಬೇಗ ಎಲ್ಲಾಗುತ್ತೆ? ಹುಡುಗ ಎಂಥವನು ಅಂತ ವಿಚಾರಿಸಬೇಡ್ವಾ? ಅವನನ್ನ ಬಲ್ಲವರೆಲ್ಲ ಸತ್ತಿದ್ದಾರೆ. ಒಬ್ಬೊಬ್ಬರನ್ನೇ ಕರೆಸಿ ಕೇಳಬೇಕು, ಸಮಯ ಹಿಡಿಯುತ್ತೆ. ಅಲ್ಲೀವರೆಗೂ ಗುರುವಾರ ಗುರುವಾರ ಬಂದು ಕೂತು ಮಾತಾಡಿಕೊಂಡು ಹೋಗಲಿ, ಬೇಡ ಅನ್ನಲ್ಲ. ಆದ್ರೆ ಬೀದಿ ಬಾಗಿಲು ತೆಗೆದಿರಬೇಕು. ನನ್ನ ಮನೇಲಿ ಮುಚ್ಚಿದ ಬಾಗಿಲ ಹಿಂದೆ ಯಾವ ವ್ಯವಹಾರಾನೂ ನಡೆಯಲ್ಲ."

ಇದು ಪುಸ್ತಕಕ್ಕೆ ವಿರುದ್ಧ ಎಂದು ಸೊರಾಯ್ದಾ ವಾದಿಸಿದಳು. ಒಂದು ಜೀವವನ್ನು ಹೀಗೆ ಹೂಂ ಇಲ್ಲದೆ, ಊಹೂಂ ಇಲ್ಲದೆ ನೇತುಹಾಕುವುದು ಪಾಪ ಎಂದಳು. ಕಾಯಿಸಿಕೊಳ್ಳಲು ಅವನಿಗೇ ಇಷ್ಟವಿದ್ದರೆ ನಿಮಗೇನು ತೊಂದರೆ ಎಂದ ಫೆಲೊ. ಸೊರಾಯ್ದಾ ಕೊನೆಯ ಅಸ್ತ್ರ ತೆಗೆದಳು. ಅಲ್ಲ ಬಸಿಲಿಯಾ, ನಿನಗೆ ಎಪ್ಪತ್ತು ದಾಟಿದೆ, ಉತ್ತರ ಕೊಡದೆ ನೀನೇ ಸತ್ತುಹೋದರೆ ಏನು ಗತಿ ಎಂದಳು.

"ಸತ್ತರೆ ಒಳ್ಳೇದೇ ಆಯ್ತಲ್ಲ," ಎಂದಳು ಬಸಿಲಿಯಾ. "ಆಗ ಅವನನ್ನ ಮುಖತಾ ನೋಡಿ ನಾನೇ ಹೇಳ್ತೀನಿ."

ಸೊರಾಯ್ದಾ ಪುಸ್ತಕ ಮುಚ್ಚಿದಳು. ಮಿಗ್ದಾಲಿಯಾಳಿಗೆ ನಗು ಬಂತು. ಅತ್ತೆಯ ಮುಂದೆ ನಗಬಾರದು ಎಂದು ತಡೆಯಲು ನೋಡಿದಳು, ಆಗಲಿಲ್ಲ.